ತರ್ಸೇಮ್ ಸಿಂಗ್: ನಾಲ್ಕು ನಿಮಿಷದ ಹಾಡಿನಿಂದ ಕಥಾಚಿತ್ರದವರೆಗೆ

ತರ್ಸೇಮ್ ಸಿಂಗ್ ಧಂಡ್ವಾರ್ ಹುಟ್ಟಿದ್ದು 1961ರಲ್ಲಿ, ಪಂಜಾಬಿನ ಜಲಂಧರದಲ್ಲಿ. ತಂದೆ ವಿಮಾನ ಎಂಜಿನಿಯರ್; ಅವರ ಕೆಲಸ ಇರಾನಿನಲ್ಲಿ. ಹುಡುಗನ ಬಾಲ್ಯ ಇರಾನಿನ ಮನೆಗೂ ಶಿಮ್ಲಾದ ಬಿಷಪ್ ಕಾಟನ್ ಶಾಲೆಗೂ ಹಂಚಿಹೋಯಿತು. ಮುಂದೆ ದೆಹಲಿಯ ಹನ್ಸ್‌ರಾಜ್ ಕಾಲೇಜಿಗೆ ಸೇರಿದ್ದು ಮನೆಯವರ ಇಚ್ಛೆಯಂತೆ ವ್ಯವಹಾರ ವಿಷಯ ಓದಲು. ಸಿನಿಮಾವನ್ನು ಕಾಲೇಜಿನಲ್ಲಿ ಪಾಠವಾಗಿ ಕಲಿಸುತ್ತಾರೆ ಎಂಬುದು ಅವರಿಗೆ ಗೊತ್ತಾದದ್ದು ಅಮೆರಿಕದ ಚಿತ್ರಶಾಲೆಗಳ ಕೈಪಿಡಿಯೊಂದು ಕೈಗೆ ಸಿಕ್ಕಾಗ. ಅಪ್ಪನಿಗೆ ಇಷ್ಟವಾದದ್ದನ್ನು ಮಗ ಇಷ್ಟವಿಲ್ಲದೆ ಕಲಿಯುವುದೇ ಓದು ಎಂದು ಅದುವರೆಗೆ ನಂಬಿದ್ದಾಗಿ ಅವರು ಸಂದರ್ಶನಗಳಲ್ಲಿ ನೆನೆದಿದ್ದಾರೆ. ತಂದೆಯ ಅಸಮಾಧಾನವನ್ನು ಹಿಂದೆ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದವರು ಪ್ಯಾಸಡೀನಾದ ಆರ್ಟ್ ಸೆಂಟರ್ ಕಾಲೇಜ್ ಆಫ್ ಡಿಸೈನ್ ಸೇರಿದರು.

ಈ ಆಯ್ಕೆ ಅವರ ಮುಂದಿನ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸಿತು. ಆರ್ಟ್ ಸೆಂಟರ್ ಮೂಲತಃ ವಿನ್ಯಾಸದ ಶಾಲೆ. ಕಾರಿನ ಆಕಾರ, ಜಾಹೀರಾತಿನ ಪುಟ, ಛಾಯಾಚಿತ್ರ ಇವುಗಳ ಜೊತೆಗೇ ಸಿನಿಮಾವನ್ನೂ ಕಲಿಸುವ ಜಾಗ. ಕಥೆ ಬರೆಯುವುದಕ್ಕಿಂತ ಚೌಕಟ್ಟು ಕಟ್ಟುವುದರ ಮೇಲೆ ಅಲ್ಲಿ ಒತ್ತು ಹೆಚ್ಚು. ಸುಮಾರು ಅದೇ ಕಾಲಕ್ಕೆ ಅಲ್ಲಿ ಕಲಿತ ಮೈಕೆಲ್ ಬೇ ಮತ್ತು ಜ್ಯಾಕ್ ಸ್ನೈಡರ್ ಕೂಡ ಜಾಹೀರಾತು ಮತ್ತು ಮ್ಯೂಸಿಕ್ ವಿಡಿಯೊಗಳ ಮೂಲಕವೇ ಹಾಲಿವುಡ್ ತಲುಪಿದರು. ತರ್ಸೇಮ್ ಅವರಿಗೆ ಕೀರ್ತಿ ತಂದ ವಿಡಿಯೊಗೆ ಕ್ಯಾಮೆರಾ ಹಿಡಿದ ಲ್ಯಾರಿ ಫಾಂಗ್ ಸಹ ಇದೇ ಶಾಲೆಯವರು.

ಮ್ಯೂಸಿಕ್ ವಿಡಿಯೊ ಎಂಬ ಪ್ರಕಾರವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ವಾಹಿನಿ ಶುರುವಾಯಿತು. ಮೊದಲು ಪ್ರಸಾರವಾದ ಬಗಲ್ಸ್ ತಂಡದ ಹಾಡನ್ನು ನಿರ್ದೇಶಿಸಿದ್ದ ರಸೆಲ್ ಮಲ್ಕಾಹಿ ಐದೇ ವರ್ಷಗಳಲ್ಲಿ 'ಹೈಲ್ಯಾಂಡರ್' ಎಂಬ ಕಥಾಚಿತ್ರ ಮಾಡಿದರು. ವಿಡಿಯೊದ ಖರ್ಚು ಧ್ವನಿಮುದ್ರಣ ಕಂಪನಿಯದು, ಉದ್ದೇಶ ಹಾಡಿನ ಪ್ರಚಾರ. ನಿರ್ದೇಶಕನ ಹೆಸರನ್ನು ತೆರೆಯ ಮೇಲೆ ಹಾಕುವ ರೂಢಿಯನ್ನು ಎಂಟಿವಿ ಆರಂಭಿಸಿದ್ದೇ 1992ರ ಕೊನೆಯಲ್ಲಿ. ಆದರೆ ಹೆಸರಿಲ್ಲದ ಈ ದುಡಿಮೆಯಲ್ಲಿ ಬೇರೆಲ್ಲೂ ಸಿಗದ ಒಂದು ಸ್ವಾತಂತ್ರ್ಯವಿತ್ತು. ಸಂಭಾಷಣೆ ಇಲ್ಲ, ಪಾತ್ರದ ಹಿನ್ನೆಲೆ ಹೇಳಬೇಕಾಗಿಲ್ಲ, ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಊರು ಬದಲಾದರೆ ಯಾರೂ ಕಾರಣ ಕೇಳುವುದಿಲ್ಲ. ಇಲ್ಲಿ ಕೈ ಪಳಗಿಸಿಕೊಂಡವರಲ್ಲಿ ಡೇವಿಡ್ ಫಿಂಚರ್, ಸ್ಪೈಕ್ ಜೋನ್ಜ್, ಮಿಶೆಲ್ ಗೊಂದ್ರಿ, ಜೊನಾಥನ್ ಗ್ಲೇಜರ್ ಮುಂದೆ ದೊಡ್ಡ ನಿರ್ದೇಶಕರಾದರು.

ಕಾರಣ ಹೇಳದೆ ಊರು ಬದಲಿಸುವ ಈ ವಿದ್ಯೆ ಕನ್ನಡದ ಪ್ರೇಕ್ಷಕರಿಗೆ ಹೊಸದಲ್ಲ. ಮನೆಯ ಜಗಲಿಯಲ್ಲಿ ಶುರುವಾದ ಪಲ್ಲವಿ ಚರಣಕ್ಕೆ ಬರುವಷ್ಟರಲ್ಲಿ ಜಲಪಾತದ ಮುಂದೋ ಹಿಮದ ನಡುವೆಯೋ ಇರುತ್ತದೆ. ಸೀರೆಯ ಬಣ್ಣ ಮೂರು ಸಲ ಬದಲಾಗಿರುತ್ತದೆ. ಭಾರತೀಯ ಸಿನಿಮಾದ ಹಾಡಿನ ಚಿತ್ರೀಕರಣವನ್ನು ಕಥೆಗೆ ಅಂಟಿಸಿದ ಅಲಂಕಾರವೆಂದು ವಿಮರ್ಶಕರು ತಳ್ಳಿಹಾಕಿದ್ದೇ ಹೆಚ್ಚು. ಮಾತು ಮುಟ್ಟದ ಭಾವವನ್ನು ಜಾಗ, ಬಟ್ಟೆ, ಬೆಳಕುಗಳಿಂದ ಮುಟ್ಟುವ ಕಸುಬು ಅದು. ಅಮೆರಿಕದ ವಿಡಿಯೊ ನಿರ್ದೇಶಕರು 1980ರ ದಶಕದಲ್ಲಿ ಹೊಸದಾಗಿ ಕಂಡುಕೊಂಡ ಈ ವ್ಯಾಕರಣ ಭಾರತದಲ್ಲಿ ಬೆಳೆದ ತರ್ಸೇಮ್ ಅವರಿಗೆ ಚಿಕ್ಕಂದಿನಿಂದ ನೋಡಿದ ಸಂಗತಿಯಾಗಿತ್ತು.

ಅವರ ಮೊದಲ ವಿಡಿಯೊಗಳು 1990ರವು: ಎನ್ ವೋಗ್ ತಂಡದ 'ಹೋಲ್ಡ್ ಆನ್', ಸುಜಾನ್ ವೇಗಾ ಅವರ 'ಟೈರ್ಡ್ ಆಫ್ ಸ್ಲೀಪಿಂಗ್'. ಮರುವರ್ಷ, 1991ರಲ್ಲಿ, ಆರ್.ಇ.ಎಂ. ತಂಡದ 'ಲೂಸಿಂಗ್ ಮೈ ರಿಲಿಜನ್' ಬಂತು. ಮ್ಯಾಂಡೊಲಿನ್ ಎಳೆಯ ಮೇಲೆ ಸಾಗುವ ಈ ಹಾಡಿನ ಶೀರ್ಷಿಕೆಗೂ ಧರ್ಮಕ್ಕೂ ಸಂಬಂಧವಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ತಾಳ್ಮೆ ತಪ್ಪುವುದನ್ನು, ಸಹನೆಯ ಕೊನೆ ಮುಟ್ಟುವುದನ್ನು ಸೂಚಿಸುವ ಆಡುಮಾತು. ಹಾಡಿನ ವಸ್ತು ಹೇಳಿಕೊಳ್ಳಲಾಗದ ಒಲವು. ತರ್ಸೇಮ್ ಆ ನುಡಿಗಟ್ಟಿನ ಅಕ್ಷರಾರ್ಥವನ್ನೇ ಹಿಡಿದರು. ತೆರೆಯ ಮೇಲೆ ಬಂದದ್ದು ದೇವದೂತರು, ಬಾಣ ನೆಟ್ಟ ಸಂತ, ಭಾರತದ ಕ್ಯಾಲೆಂಡರ್ ಚಿತ್ರಗಳಿಂದ ಎದ್ದು ಬಂದಂಥ ದೇವತೆಗಳು, ಸೋವಿಯತ್ ಭಿತ್ತಿಪತ್ರಗಳಲ್ಲಿ ಕಾಣುವಂಥ ದುಡಿಮೆಗಾರರು.

ಇಡೀ ವಿಡಿಯೊ ನಡೆಯುವುದು ಒಂದು ಮಂಕು ಕೋಣೆಯಲ್ಲಿ ಮತ್ತು ಆ ಕೋಣೆಯ ಆಚೆಗಿನ ಕನಸುಗಳಲ್ಲಿ. ಕಿಟಕಿಯಲ್ಲಿ ಮಳೆ, ಹಾಲಿನ ಜಗ್ಗು ಬಿದ್ದು ಒಡೆಯುತ್ತದೆ. ಈ ಹಾಲಿನ ಪ್ರತಿಮೆ ರಷ್ಯಾದ ನಿರ್ದೇಶಕ ತಾರ್ಕೊವ್‌ಸ್ಕಿ ಅವರ 'ದಿ ಸ್ಯಾಕ್ರಿಫೈಸ್' ಚಿತ್ರದಿಂದ ಬಂದದ್ದು. ಆಕಾಶದಿಂದ ಬಿದ್ದ, ರೆಕ್ಕೆಯುಳ್ಳ ಮುದುಕನ ಪ್ರಸಂಗಕ್ಕೆ ಗ್ಯಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರ ಸಣ್ಣಕಥೆ ಮೂಲ. ಕತ್ತಲೆಯಲ್ಲಿ ಒಂದೇ ಕಡೆಯಿಂದ ಬೆಳಕು ಬೀಳುವ ಗುಂಪುಚಿತ್ರಗಳು ಇಟಲಿಯ ಕಾರವಾಜ್ಜೊನ ವರ್ಣಚಿತ್ರಗಳನ್ನು ಅನುಸರಿಸಿ ಕಟ್ಟಿದವು. ಗಾಯಕ ಮೈಕೆಲ್ ಸ್ಟೈಪ್ ನೆನೆಯುವಂತೆ, ನಿರ್ದೇಶಕರಿಗೆ ಬೇಕಿದ್ದದ್ದು ಭಾರತದ ಒಂದು ಬಗೆಯ ಚಿತ್ರಗಳಂತೆ ಭಾವೋದ್ರೇಕ ತುಂಬಿದ, ಕನಸಿನಂಥ ರೀತಿ. ಅವರು ಕಟ್ಟಿದ ಈ ಲೋಕದ ನಡುವೆ ಸ್ಟೈಪ್ ಒಬ್ಬರೇ ಕೈಕಾಲು ಬೀಸಿ, ತಾಳಕ್ಕೆ ಸಿಕ್ಕಿಯೂ ಸಿಗದಂತೆ ಕುಣಿಯುತ್ತಾರೆ. ಆ ಒಂಟಿ ಕುಣಿತವೇ ವಿಡಿಯೊದ ಜೀವ. ಸುತ್ತಲಿನ ದೇವದೂತರೆಲ್ಲ ಅಲ್ಲಿ ಕುಳಿತು ಸಂಕಟಪಡುವ ಮನುಷ್ಯನ ತಲೆಯೊಳಗಿನವರು ಎಂದು ನೋಡುಗರಿಗೆ ಅನ್ನಿಸುವುದು ಆ ಕುಣಿತದಿಂದ. ಇಲ್ಲದಿದ್ದರೆ ಅದು ಚಿತ್ರಕಲೆಯ ಒಂದು ಪ್ರದರ್ಶನವಾಗಿ ಉಳಿಯುತ್ತಿತ್ತು.

1991ರ ಎಂಟಿವಿ ಪ್ರಶಸ್ತಿಗಳಲ್ಲಿ ಈ ವಿಡಿಯೊ ವರ್ಷದ ಅತ್ಯುತ್ತಮ ವಿಡಿಯೊ ಸೇರಿದಂತೆ ಆರು ಪ್ರಶಸ್ತಿಗಳನ್ನು ಗೆದ್ದಿತು. ಮರುವರ್ಷ ಗ್ರ್ಯಾಮಿಯೂ ಬಂತು. ಮೂವತ್ತರ ಹರೆಯದ ಪಂಜಾಬಿ ಹುಡುಗನೊಬ್ಬ ಅಮೆರಿಕದ ಜನಪ್ರಿಯ ಸಂಸ್ಕೃತಿಯ ನಟ್ಟನಡುವೆ ನಿಂತಿದ್ದ.

ಆ ಬಳಿಕ ತರ್ಸೇಮ್ ಮ್ಯೂಸಿಕ್ ವಿಡಿಯೊಗಳನ್ನು ಹೆಚ್ಚು ಮಾಡಲಿಲ್ಲ. 1990ರ ದಶಕದ ಮೊದಲ ಭಾಗದಲ್ಲಿ ಫ್ರಾನ್ಸಿನ ಡೀಪ್ ಫಾರೆಸ್ಟ್ ತಂಡದ 'ಸ್ವೀಟ್ ಲಲಬೈ'ಗೆ ಮಾಡಿದ ವಿಡಿಯೊ ಮುಂದಿನ ಕಥೆಗೆ ಮುಖ್ಯವಾದದ್ದು. ಪುಟ್ಟ ಹುಡುಗಿಯೊಬ್ಬಳು ಮೂರು ಗಾಲಿಯ ಸೈಕಲ್ ತುಳಿಯುತ್ತ ಜಗತ್ತಿನ ನಗರಗಳನ್ನು, ಸ್ಮಾರಕಗಳನ್ನು ದಾಟಿಹೋಗುತ್ತಾಳೆ. ಹಾಡಿನಷ್ಟೇ ಉದ್ದದ ಈ ಪುಟ್ಟ ಕೆಲಸದಲ್ಲಿ, ಹತ್ತಾರು ವರ್ಷಗಳ ಬಳಿಕ ಬಂದ ಅವರ ಶ್ರೇಷ್ಠ ಚಿತ್ರದ ಬೀಜ ಸ್ಪಷ್ಟವಾಗಿ ಕಾಣುತ್ತದೆ: ಒಂದು ಮಗುವಿನ ಬೆನ್ನುಹತ್ತಿ ಇಡೀ ಭೂಮಿ ಸುತ್ತುವ ಆಸೆ.

ಜೀವನೋಪಾಯ ಜಾಹೀರಾತಿನಿಂದ ನಡೆಯಿತು. 1992ರಲ್ಲಿ ಲೀವೈಸ್ ಜೀನ್ಸ್‌ಗಾಗಿ ಮಾಡಿದ 'ಸ್ವಿಮ್ಮರ್' ಜಾಹೀರಾತಿನಲ್ಲಿ ಯುವಕನೊಬ್ಬ ಜೀನ್ಸ್ ತೊಟ್ಟೇ ಒಂದು ಮನೆಯ ಈಜುಕೊಳದಿಂದ ಇನ್ನೊಂದು ಮನೆಯ ಈಜುಕೊಳಕ್ಕೆ ಜಿಗಿಯುತ್ತ ಇಡೀ ಬಡಾವಣೆ ದಾಟುತ್ತಾನೆ. ಜಾನ್ ಚೀವರ್ ಅವರ ಕಥೆಯನ್ನು ಆಧರಿಸಿ 1968ರಲ್ಲಿ ಬಂದ ಚಲನಚಿತ್ರವೊಂದರ ನೆನಪು ಅದರ ಹಿಂದಿತ್ತು. 1996ರ ನೈಕಿ ಜಾಹೀರಾತಿನಲ್ಲಿ ಕಾಂಟೊನಾ, ಮಾಲ್ದಿನಿ ಮೊದಲಾದ ಫುಟ್‌ಬಾಲ್ ತಾರೆಯರು ಪುರಾತನ ರೋಮನ್ ಕ್ರೀಡಾಂಗಣದಲ್ಲಿ ಪಿಶಾಚಿಗಳ ತಂಡದ ವಿರುದ್ಧ ಆಡುತ್ತಾರೆ. 2004ರಲ್ಲಿ ಪೆಪ್ಸಿಗಾಗಿ ಬ್ರಿಟ್ನಿ ಸ್ಪಿಯರ್ಸ್, ಬಿಯಾನ್ಸೆ, ಪಿಂಕ್ ಅವರನ್ನು ಗ್ಲ್ಯಾಡಿಯೇಟರ್ ವೇಷದಲ್ಲಿ ಅಖಾಡಕ್ಕೆ ಇಳಿಸಿದ್ದೂ ಅವರೇ. ಜಾಹೀರಾತು ಅವರಿಗೆ ಎರಡು ಸವಲತ್ತು ಕೊಟ್ಟಿತು: ಕೈಯಲ್ಲಿ ದುಡ್ಡು, ಮತ್ತು ದೇಶದೇಶ ಸುತ್ತಿ ಜಾಗ ನೋಡಿಡುವ ಅವಕಾಶ. ಎರಡನೆಯದನ್ನು ಅವರು ಮೊದಲನೆಯದಕ್ಕಿಂತ ಜೋಪಾನವಾಗಿ ಕೂಡಿಟ್ಟರು.

ಮೊದಲ ಕಥಾಚಿತ್ರ 'ದಿ ಸೆಲ್' ಬಂದದ್ದು 2000ದಲ್ಲಿ. ಸರಣಿ ಕೊಲೆಗಾರನೊಬ್ಬ ಸಿಕ್ಕಿಬೀಳುವ ಹೊತ್ತಿಗೆ ಪ್ರಜ್ಞೆ ತಪ್ಪಿದ್ದಾನೆ. ಅವನು ಕೊನೆಯದಾಗಿ ಸೆರೆಹಿಡಿದ ಹೆಂಗಸು ಎಲ್ಲಿದ್ದಾಳೆ ಎಂದು ತಿಳಿಯಲು ಮನಶ್ಶಾಸ್ತ್ರಜ್ಞೆಯೊಬ್ಬಳು ಯಂತ್ರದ ನೆರವಿನಿಂದ ಅವನ ಮನಸ್ಸಿನೊಳಕ್ಕೆ ಇಳಿಯುತ್ತಾಳೆ. ಜೆನಿಫರ್ ಲೋಪೆಜ್ ಮನಶ್ಶಾಸ್ತ್ರಜ್ಞೆ, ವಿನ್ಸೆಂಟ್ ಡಿಒನೊಫ್ರಿಯೊ ಕೊಲೆಗಾರ. ಚಿತ್ರಕಥೆಯ ಪೊಲೀಸ್ ಭಾಗ ಆ ಕಾಲದ ಹಾಲಿವುಡ್‌ನಲ್ಲಿ ಸಾಕಷ್ಟು ಸವೆದ ದಾರಿಯದು. ಹೊಸತನವೆಲ್ಲ ಮನಸ್ಸಿನೊಳಗಿನ ಲೋಕದಲ್ಲಿದೆ. ಕುದುರೆಯೊಂದು ಕಣ್ಣೆದುರೇ ಗಾಜಿನ ಹಲಗೆಗಳ ನಡುವೆ ಹೋಳುಹೋಳಾಗಿ ನಿಲ್ಲುವ ದೃಶ್ಯ ಬ್ರಿಟನ್ನಿನ ಕಲಾವಿದ ಡೇಮಿಯನ್ ಹರ್ಸ್ಟ್ ಅವರ ಕೃತಿಗಳನ್ನು ನೆನಪಿಸುತ್ತದೆ. ಬಾಯಿ ತೆರೆದು ಆಕಾಶ ನೋಡುತ್ತ ಕುಳಿತ ಮೂವರು ಹೆಂಗಸರು ನಾರ್ವೆಯ ಚಿತ್ರಕಾರ ಆಡ್ ನೆರ್ಡ್ರುಮ್ ಅವರ ವರ್ಣಚಿತ್ರದಿಂದ ಬಂದವರು. ಇಷ್ಟು ನೇರವಾಗಿ ಎತ್ತಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಆದರೂ ಚಿತ್ರ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಕಾಣುವ ಪ್ರತಿ ಬಿಂಬಕ್ಕೂ ಒಬ್ಬ ವಾರಸುದಾರನಿದ್ದಾನೆ. ಭಯಾನಕ ರಾಜನ ಸಿಂಹಾಸನ, ಗೋಡೆಯಿಂದ ಗೋಡೆಗೆ ಹಬ್ಬಿದ ಅವನ ಮೇಲಂಗಿ ಎಲ್ಲವೂ ಆ ರೋಗಿಯ ಮನಸ್ಸು ತನ್ನನ್ನು ತಾನು ಕಂಡುಕೊಂಡ ರೀತಿ.

ಆ ಮೇಲಂಗಿಯನ್ನು ವಿನ್ಯಾಸ ಮಾಡಿದವರು ಜಪಾನಿನ ಐಕೊ ಇಶಿಯೊಕಾ. ಗ್ರಾಫಿಕ್ ಕಲಾವಿದೆಯಾಗಿ ಹೆಸರು ಮಾಡಿದ್ದ ಐಕೊ, ಫ್ರಾನ್ಸಿಸ್ ಫೋರ್ಡ್ ಕಪೋಲಾ ಅವರ 'ಡ್ರಾಕುಲಾ' ಚಿತ್ರದ ಉಡುಪುಗಳಿಗೆ ಆಸ್ಕರ್ ಪಡೆದಿದ್ದರು. ತರ್ಸೇಮ್ ಅವರ ಮೊದಲ ನಾಲ್ಕೂ ಕಥಾಚಿತ್ರಗಳಿಗೆ ವಸ್ತ್ರವಿನ್ಯಾಸ ಅವರದೇ. ಅವರ ಉಡುಪು ಮೈ ಮುಚ್ಚುವ ಬಟ್ಟೆ ಎನ್ನುವುದಕ್ಕಿಂತ ನಟ ಹೊತ್ತು ನಡೆಯುವ ಒಂದು ಕಟ್ಟಡ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ: ವೇಷ ರಂಗಕ್ಕೆ ಬಂದ ಕ್ಷಣವೇ ಪಾತ್ರದ ಅರ್ಧ ಪರಿಚಯ ಮುಗಿದಿರುತ್ತದೆ. ಸುಮಾರು 3.3 ಕೋಟಿ ಡಾಲರ್ ವೆಚ್ಚದ 'ದಿ ಸೆಲ್' ಜಗತ್ತಿನಾದ್ಯಂತ 10 ಕೋಟಿ ಡಾಲರ್ ಮೀರಿ ಗಳಿಸಿತು. ವಿಮರ್ಶಕರು ಇಬ್ಭಾಗವಾದರು; ರೋಜರ್ ಈಬರ್ಟ್ ಅವರಂಥ ಹಿರಿಯ ವಿಮರ್ಶಕರು ಪೂರ್ಣ ನಾಲ್ಕು ತಾರೆ ಕೊಟ್ಟರು.

ಇಂಥ ಗೆಲುವಿನ ನಂತರ ಹಾಲಿವುಡ್‌ನಲ್ಲಿ ಸಾಮಾನ್ಯವಾಗಿ ದೊಡ್ಡ ಬಜೆಟ್ಟಿನ ಎರಡನೆಯ ಚಿತ್ರ ಬರುತ್ತದೆ. ತರ್ಸೇಮ್ ಅದಕ್ಕೆ ಬದಲಾಗಿ ಜಾಹೀರಾತಿನಲ್ಲಿ ಗಳಿಸಿದ ತಮ್ಮ ಸ್ವಂತ ಹಣವನ್ನು ಒಂದು ಚಿತ್ರಕ್ಕೆ ಸುರಿದರು. ಅದು 'ದಿ ಫಾಲ್'.

ಇದರ ಮೂಲ 'ಯೊ ಹೊ ಹೊ' ಎಂಬ ಬಲ್ಗೇರಿಯನ್ ಚಿತ್ರ. 1981ರದು, ಕವಿ ವಲೇರಿ ಪೆತ್ರೋವ್ ಬರೆದದ್ದು. ಆಸ್ಪತ್ರೆಯಲ್ಲಿ ಬಿದ್ದಿರುವ ನಟನೊಬ್ಬ ಪಕ್ಕದ ಪುಟ್ಟ ರೋಗಿಗೆ ಕಡಲುಗಳ್ಳರ ಕಥೆ ಹೇಳುತ್ತಾನೆ, ಆ ಮಗುವಿನ ಕೈಯಿಂದಲೇ ತನ್ನ ಸಾವಿಗೆ ಬೇಕಾದ ಔಷಧ ತರಿಸಿಕೊಳ್ಳಲು. ಇಷ್ಟು ಎಳೆಯನ್ನು ತರ್ಸೇಮ್ ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅವರ ಚಿತ್ರದ ಕಾಲ ಮೂಕಿ ಸಿನಿಮಾಗಳ ಯುಗ, ಊರು ಲಾಸ್ ಏಂಜಲೀಸ್. ಸೇತುವೆಯಿಂದ ಕುದುರೆಯೊಡನೆ ಹಾರುವ ಸಾಹಸದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಸ್ಟಂಟ್ ಕಲಾವಿದ ರಾಯ್. ಕಿತ್ತಳೆ ತೋಟದಲ್ಲಿ ಹಣ್ಣು ಕೀಳುವಾಗ ಬಿದ್ದು ತೋಳು ಮುರಿದುಕೊಂಡ ವಲಸೆಗಾರರ ಮಗಳು ಅಲೆಕ್ಸಾಂಡ್ರಿಯಾ. ಇಬ್ಬರೂ ಬಿದ್ದವರೇ. ರಾಯ್‌ನ ಪಾತ್ರ ಲೀ ಪೇಸ್ ಅವರದು, ಹುಡುಗಿಯ ಪಾತ್ರ ರುಮೇನಿಯಾದ ಕತಿಂಕಾ ಉಂತಾರು ಎಂಬ ಬಾಲೆಯದು.

ಈ ಮಗು ಸಿಕ್ಕಮೇಲೆಯೇ ಚಿತ್ರ ಶುರುವಾದದ್ದು. ಅವಳಿಗೆ ಆಗ ಸುಮಾರು ಆರು ವರ್ಷ, ಇಂಗ್ಲಿಷ್ ಅಷ್ಟಕ್ಕಷ್ಟೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿರುವ ವಾಲ್ಕನ್‌ಬರ್ಗ್ ಮಾನಸಿಕ ಆಸ್ಪತ್ರೆಯಲ್ಲಿ ಆಸ್ಪತ್ರೆಯ ಭಾಗಗಳನ್ನೆಲ್ಲ ಮೊದಲು ಚಿತ್ರೀಕರಿಸಲಾಯಿತು. ಲೀ ಪೇಸ್ ನಿಜಕ್ಕೂ ನಡೆಯಲಾರದ ಮನುಷ್ಯ ಎಂದು ಹುಡುಗಿ ನಂಬಿದ್ದಳು. ಅವಳಷ್ಟೇ ಅಲ್ಲ, ಚಿತ್ರತಂಡದ ಬಹುತೇಕರೂ ನಂಬಿದ್ದರು. ಗುಟ್ಟು ಗೊತ್ತಿದ್ದವರು ಕೆಲವೇ ಮಂದಿ. ಕ್ಯಾಮೆರಾ ಮಗುವಿನ ಗಮನಕ್ಕೆ ಬಾರದಂತೆ ಹಾಸಿಗೆಯ ಪರದೆಯ ಮರೆಯಿಂದ ಇಬ್ಬರ ಮಾತುಕತೆಯನ್ನು ಹಿಡಿಯಲಾಯಿತು. ಹುಡುಗಿಯ ತೊದಲು, ತಪ್ಪು ಕೇಳಿಸಿಕೊಳ್ಳುವಿಕೆ, ಮಾತಿನ ನಡುವೆ ಬೇರೆಲ್ಲೋ ಹೋಗುವ ಕಣ್ಣು, ಇವೆಲ್ಲ ಬರೆದು ಮಾಡಿಸಬಹುದಾದ ನಟನೆಯಲ್ಲ. ಮಕ್ಕಳನ್ನು ಕುರಿತ ಎಷ್ಟೋ ಚಿತ್ರಗಳಲ್ಲಿ ದೊಡ್ಡವರು ಬರೆದುಕೊಟ್ಟ ಜಾಣಮಾತು ಕೇಳಿ ಬೇಸತ್ತವರಿಗೆ ಈ ಭಾಗಗಳು ನೀರು ಕುಡಿದಷ್ಟು ಹಿತವಾಗಿವೆ. ನಂಬಿಸಿ ನಟಿಸಿಕೊಳ್ಳುವ ಈ ರೀತಿಯ ಬಗ್ಗೆ ಆಕ್ಷೇಪಕ್ಕೆ ಎಡೆಯಿದೆ. ತೆರೆಯ ಮೇಲೆ ಸಿಕ್ಕ ಫಲದ ಬಗ್ಗೆ ಇಲ್ಲ.

ರಾಯ್ ಹೇಳುವ ಕಥೆಯಲ್ಲಿ ಐದಾರು ವೀರರು ಗವರ್ನರ್ ಓಡಿಯಸ್ ಎಂಬ ದುಷ್ಟನ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟಿದ್ದಾರೆ. ಅವರಲ್ಲಿ ಒಬ್ಬ 'ಇಂಡಿಯನ್'. ಅಮೆರಿಕನ್ ರಾಯ್‌ನ ಮನಸ್ಸಿನಲ್ಲಿ ಇರುವವನು ಅಮೆರಿಕದ ಮೂಲನಿವಾಸಿ. ಅವರ ಗುಡಿಸಲನ್ನು, ಹೆಂಗಸರನ್ನು ಕುರಿತ ಶಬ್ದಗಳನ್ನೇ ಅವನು ಬಳಸುತ್ತಾನೆ. ಅಲೆಕ್ಸಾಂಡ್ರಿಯಾಗೆ ಗೊತ್ತಿರುವ 'ಇಂಡಿಯನ್' ತನ್ನ ಜೊತೆ ಕಿತ್ತಳೆ ಕೀಳುವ ಭಾರತೀಯ. ಹಾಗಾಗಿ ತೆರೆಯ ಮೇಲೆ ಕಾಣುವವನು ರುಮಾಲು ಸುತ್ತಿದ, ಖಡ್ಗ ಹಿಡಿದ ಭಾರತದ ಯೋಧ. ಕಥೆ ಹೇಳುವವನ ಬಾಯಲ್ಲಿ ಒಂದು, ಕೇಳುವವಳ ಕಣ್ಣಲ್ಲಿ ಇನ್ನೊಂದು. ಚಿತ್ರ ಈ ತಪ್ಪನ್ನು ಎಲ್ಲಿಯೂ ವಿವರಿಸುವುದಿಲ್ಲ, ತಿದ್ದುವುದೂ ಇಲ್ಲ. 'ಲೂಸಿಂಗ್ ಮೈ ರಿಲಿಜನ್'ನಲ್ಲಿ ನುಡಿಗಟ್ಟಿನ ಅಕ್ಷರಾರ್ಥ ಹಿಡಿದು ಚಿತ್ರ ಕಟ್ಟಿದ ನಿರ್ದೇಶಕ ಇಲ್ಲಿ ಆ ವಿದ್ಯೆಯನ್ನೇ ಕಥೆಯ ಯಂತ್ರವಾಗಿ ಮಾಡಿದ್ದಾರೆ. ಹೇಳಿದ ಮಾತು ಕೇಳಿದವರ ಬದುಕಿನ ಸಾಮಾನಿನಿಂದಲೇ ಚಿತ್ರವಾಗುತ್ತದೆ ಎಂಬ ತಿಳಿವಳಿಕೆ ಅವರ ಇಡೀ ಕೆಲಸದ ತಳದಲ್ಲಿದೆ.

ಉಳಿದ ಪಾತ್ರಗಳೂ ಹೀಗೆಯೇ ಹುಟ್ಟಿದವರು. ಆಸ್ಪತ್ರೆಗೆ ಮಂಜುಗಡ್ಡೆ ತಂದುಕೊಡುವವನು ಕಥೆಯಲ್ಲಿ ದಾಸ್ಯದಿಂದ ಬಿಡಿಸಿಕೊಂಡ ವೀರ ಒಟ್ಟಾ ಬೆಂಗಾ ಆಗುತ್ತಾನೆ. ಕ್ಷ-ಕಿರಣ ಕೋಣೆಯಲ್ಲಿ ದಪ್ಪ ರಕ್ಷಾಕವಚ ತೊಟ್ಟು ಮಗುವನ್ನು ಹೆದರಿಸಿದವನು ದುಷ್ಟನ ಕಪ್ಪು ಸೈನಿಕನಾಗಿ ಮರಳುತ್ತಾನೆ. ಮುಖವಾಡದ ಡಕಾಯಿತನಿಗೆ ಮೊದಲು ಹುಡುಗಿಯ ತೀರಿಹೋದ ತಂದೆಯ ಮುಖ, ಆಮೇಲೆ ರಾಯ್‌ನ ಮುಖ. ರಾಯ್‌ಗೆ ಬೇಕಿದ್ದ ಮಾರ್ಫಿನ್ ವಿಷಯದಲ್ಲೂ ಓದಿನ ಎಡವಟ್ಟೇ ಅವನ ಜೀವ ಕಾಯುತ್ತದೆ: ಅವನು ಬರೆದುಕೊಟ್ಟ ಇಂಗ್ಲಿಷ್ ಪದದ ಕೊನೆಯ 'ಇ' ಅಕ್ಷರವನ್ನು ಮಗು 3 ಎಂದು ಓದಿ, ಮೂರೇ ಗುಳಿಗೆ ತಂದು ಉಳಿದವನ್ನು ಚೆಲ್ಲುತ್ತಾಳೆ.

ಕಥೆಯೊಳಗಿನ ಲೋಕವನ್ನು ನಾಲ್ಕು ವರ್ಷಗಳ ಅವಧಿಯಲ್ಲಿ, ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಚಿತ್ರೀಕರಿಸಲಾಯಿತು. ಜಾಹೀರಾತಿಗಾಗಿ ಯಾವುದೋ ದೇಶಕ್ಕೆ ಹೋದಾಗ ಆ ಕೆಲಸ ಮುಗಿಸಿ, ನಟರನ್ನು ಕರೆಸಿಕೊಂಡು ಚಿತ್ರದ ಒಂದು ತುಣುಕು ತೆಗೆಯುವುದು ಪದ್ಧತಿಯಾಗಿತ್ತು. ನಮೀಬಿಯಾದ ಕೆಂಪು ಮರಳುಗುಡ್ಡ, ಬಾಲಿಯ ಕೆಚಕ್ ನರ್ತಕರ ವೃಂದ, ಫಿಜಿಯ ಬಳಿ ಚಿಟ್ಟೆಯ ಆಕಾರದಲ್ಲಿ ಕಾಣುವ ಹವಳದಿಬ್ಬ ಒಂದರ ಪಕ್ಕ ಒಂದು ಬಂದು ಕೂರುತ್ತವೆ. ಭಾರತದ ಪಾಲು ದೊಡ್ಡದು. ಆಗ್ರಾದ ತಾಜಮಹಲು, ಫತೇಪುರ್ ಸಿಕ್ರಿ, ಜೈಪುರದ ಜಂತರ್ ಮಂತರ್, ಲಡಾಖಿನ ಪ್ಯಾಂಗಾಂಗ್ ಸರೋವರ, ಜೋಧಪುರದ ನೀಲಿ ಮನೆಗಳು ಅಲ್ಲಿವೆ. ನೀಲಿ ಇನ್ನಷ್ಟು ಗಾಢವಾಗಿ ಕಾಣಲೆಂದು ಜೋಧಪುರದ ನಿವಾಸಿಗಳಿಗೆ ಬಣ್ಣ ಹಂಚಿ ಮನೆಗಳಿಗೆ ಹೊಸದಾಗಿ ಬಳಿಸಲಾಯಿತು ಎಂದು ತರ್ಸೇಮ್ ಹೇಳಿದ್ದಾರೆ. ರಾಜಸ್ಥಾನದ ಆಭಾನೇರಿಯ ಚಾಂದ್ ಬಾವಡಿಯ ಸಾವಿರಾರು ಮೆಟ್ಟಿಲುಗಳ ಮೇಲೆ ಕಪ್ಪು ಸೈನಿಕರು ಸಾಲುಗಟ್ಟಿ ಓಡುವ ಶಾಟ್ ಗ್ರಾಫಿಕ್ಸ್ ಎಂದು ಭಾವಿಸಿದವರು ಹಲವರು; ಅದು ಕಲ್ಲು ಮತ್ತು ಮನುಷ್ಯರು ಮಾತ್ರ. ದ್ವೀಪದಲ್ಲಿ ಸಿಲುಕಿದ ವೀರರ ದೃಶ್ಯದಲ್ಲಿ ಕಡಲ ನೀರಿನಡಿಯಲ್ಲಿ ಕಾಲು ಬೀಸಿ ಈಜುವ ಆನೆಯೂ ನಿಜವಾದದ್ದೇ: ಅಂಡಮಾನಿನ ಹ್ಯಾವ್ಲಾಕ್ ದ್ವೀಪದ ರಾಜನ್, ಮರ ಸಾಗಿಸುವ ಕೆಲಸಕ್ಕಾಗಿ ಅಲ್ಲಿಗೆ ಒಯ್ದಿದ್ದ ಆನೆ. 2016ರಲ್ಲಿ ರಾಜನ್ ಸತ್ತಿತು.

ಈ ಪಟ್ಟಿ ಪ್ರವಾಸಿ ಇಲಾಖೆಯ ಭಿತ್ತಿಪತ್ರವಾಗುವ ಅಪಾಯವಿತ್ತು, ಕೆಲವು ವಿಮರ್ಶಕರು ಅದನ್ನೇ ಆರೋಪವಾಗಿ ಹೊರಿಸಿದರು. ಆದರೆ ತಾಜಮಹಲಿನ ಪಕ್ಕ ಮರುಭೂಮಿ, ಅದರ ಪಕ್ಕ ಬಾಲಿಯ ಹಸಿರು ಬರಬಹುದಾದದ್ದು ಭೂಗೋಳ ಇನ್ನೂ ಕಲಿಯದ ಮಗುವಿನ ತಲೆಯಲ್ಲಿ. ಅಲ್ಲಿ ಎಲ್ಲ ಊರುಗಳೂ ಒಂದೇ ಕಥೆಯ ಊರುಗಳು. ಹಾಡಿನ ಚಿತ್ರೀಕರಣದ ಹಳೆಯ ಸ್ವಾತಂತ್ರ್ಯಕ್ಕೆ ತರ್ಸೇಮ್ ಕೊನೆಗೂ ಒಂದು ಕಾರಣ ಕಂಡುಕೊಂಡಿದ್ದರು. ರಾಯ್ ಬದುಕುವ ಆಸೆ ಕಳೆದುಕೊಂಡು ಕಥೆಯ ವೀರರನ್ನು ಒಬ್ಬೊಬ್ಬರನ್ನಾಗಿ ಕೊಲ್ಲತೊಡಗಿದಾಗ, ಹಾಸಿಗೆಯಲ್ಲಿ ಅಳುತ್ತಿರುವ ಮಗು ಕಥೆಯೊಳಗೆ ಹೊಕ್ಕು ಅವರನ್ನು ಉಳಿಸೆಂದು ಬೇಡುತ್ತದೆ. ಅಷ್ಟು ಹೊತ್ತು ಕಣ್ಣು ತುಂಬಿದ ಆ ಸೊಬಗೆಲ್ಲ ಈ ಮಗುವಿನ ಆಸ್ತಿ, ಅದನ್ನು ಈಗ ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಎಂಬ ನೋವು ಆಗ ನೋಡುಗರನ್ನು ತಟ್ಟುತ್ತದೆ. ತರ್ಸೇಮ್ ಅವರ ಕೃತಿಗಳಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲ. ಕೊನೆಯಲ್ಲಿ ಬಸ್ಟರ್ ಕೀಟನ್ ಕಾಲದ ಮೂಕಿಚಿತ್ರಗಳ ಬೀಳುವ, ಹಾರುವ, ನೇತಾಡುವ ತುಣುಕುಗಳು ಒಂದರ ಹಿಂದೆ ಒಂದು ಬರುತ್ತವೆ. ಅವುಗಳಲ್ಲೆಲ್ಲ ತನ್ನ ರಾಯ್ ಇದ್ದಾನೆ ಎಂದು ಹುಡುಗಿ ನಂಬುತ್ತಾಳೆ.

2006ರ ಸೆಪ್ಟೆಂಬರ್‌ನಲ್ಲಿ ಟೊರೊಂಟೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರಕ್ಕೆ ಕೊಳ್ಳುವವರು ಸಿಗಲಿಲ್ಲ. ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದು 2008ರಲ್ಲಿ, ಅದೂ ಡೇವಿಡ್ ಫಿಂಚರ್ ಮತ್ತು ಸ್ಪೈಕ್ ಜೋನ್ಜ್ ತಮ್ಮ ಹೆಸರು ಕೊಟ್ಟು ಅರ್ಪಿಸಿದ ಮೇಲೆ. ಮ್ಯೂಸಿಕ್ ವಿಡಿಯೊ ಗರಡಿಯ ಇಬ್ಬರು ಹಳೆಯ ಜಟ್ಟಿಗಳು ಮೂರನೆಯವನ ಬೆನ್ನಿಗೆ ನಿಂತದ್ದು ಆ ತಲೆಮಾರಿನ ಚರಿತ್ರೆಯಲ್ಲಿ ನೆನೆಯಬೇಕಾದ ಸಂಗತಿ. ಹಣದ ದೃಷ್ಟಿಯಿಂದ ಚಿತ್ರ ಸೋತಿತು.

ಮುಂದಿನ ಹತ್ತು ವರ್ಷ ಸ್ಟುಡಿಯೊಗಳ ಕೆಲಸ. ಗ್ರೀಕ್ ಪುರಾಣದ ಥೀಸಿಯಸ್ ಕಥೆಯನ್ನು ಆಧರಿಸಿದ 'ಇಮ್ಮಾರ್ಟಲ್ಸ್' (2011) ಹೆನ್ರಿ ಕ್ಯಾವಿಲ್, ಮಿಕಿ ರೂರ್ಕ್, ಫ್ರೀಡಾ ಪಿಂಟೊ ಅಭಿನಯದ ಚಿತ್ರ. 22 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಹಿಮಶ್ವೇತೆಯ ಕಥೆಯ 'ಮಿರರ್ ಮಿರರ್' (2012) ಚಿತ್ರದಲ್ಲಿ ಜೂಲಿಯಾ ರಾಬರ್ಟ್ಸ್ ದುಷ್ಟರಾಣಿ. ಅದರ ಕೊನೆಯಲ್ಲಿ ಇಡೀ ಆಸ್ಥಾನ ಹಿಂದಿ ಚಿತ್ರದ ಧಾಟಿಯಲ್ಲಿ ಹಾಡಿ ಕುಣಿಯುತ್ತದೆ. ಐಕೊ ಇಶಿಯೊಕಾ 2012ರ ಜನವರಿಯಲ್ಲಿ ತೀರಿಕೊಂಡರು. ಆ ಚಿತ್ರದ ಉಡುಪುಗಳಿಗೆ ಮರಣೋತ್ತರವಾಗಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಎರಡೂ ಚಿತ್ರಗಳಲ್ಲಿ ಚೌಕಟ್ಟಿಗೆ, ಬಣ್ಣಕ್ಕೆ ಕೊರತೆಯಿಲ್ಲ. ಆದರೆ ಆ ಬಿಂಬಗಳು ಯಾರ ಮನಸ್ಸಿನವು ಎಂಬ ಪ್ರಶ್ನೆಗೆ ಉತ್ತರವಿಲ್ಲ; ನಿರ್ದೇಶಕನ ಕೈಚಳಕವೊಂದೇ ಉಳಿಯುತ್ತದೆ. ರಯಾನ್ ರೆನಾಲ್ಡ್ಸ್, ಬೆನ್ ಕಿಂಗ್ಸ್‌ಲಿ ಅಭಿನಯದ 'ಸೆಲ್ಫ್/ಲೆಸ್' (2015) ಅದನ್ನೂ ಉಳಿಸಿಕೊಳ್ಳಲಿಲ್ಲ. 2017ರಲ್ಲಿ ಎನ್‌ಬಿಸಿ ವಾಹಿನಿಗಾಗಿ ಓಜ್ ಕಥೆಯ 'ಎಮರಾಲ್ಡ್ ಸಿಟಿ' ಧಾರಾವಾಹಿಯ ಹತ್ತೂ ಕಂತುಗಳನ್ನು ಅವರೇ ನಿರ್ದೇಶಿಸಿದರು. ಒಂದು ಋತುವಿಗೇ ಅದು ನಿಂತಿತು.

2020ರಲ್ಲಿ ಲೇಡಿ ಗಾಗಾ ಅವರ '911' ಹಾಡಿನ ಮೂಲಕ ತರ್ಸೇಮ್ ಮ್ಯೂಸಿಕ್ ವಿಡಿಯೊಗೆ ಮರಳಿದರು. ಬಿಳಿ ಮರುಭೂಮಿ, ಚೆಲ್ಲಿದ ದಾಳಿಂಬೆ, ಕುದುರೆ ಸವಾರ, ಮೂರ್ತಿಗಳಂತೆ ನಿಂತ ಜನ. ಅರ್ಮೇನಿಯಾದ ಕವಿಯೊಬ್ಬನನ್ನು ಕುರಿತು ಸೆರ್ಗೆಯ್ ಪರಾಜಾನೋವ್ ಮಾಡಿದ 'ದಿ ಕಲರ್ ಆಫ್ ಪಾಮೆಗ್ರಾನೇಟ್ಸ್' ಚಿತ್ರಕ್ಕೆ ಇದು ಬಹಿರಂಗ ನಮಸ್ಕಾರ. ಆದರೆ ಕೊನೆಯ ಭಾಗದಲ್ಲಿ ಎಲ್ಲ ತಿರುಗಿಬೀಳುತ್ತದೆ: ರಸ್ತೆ ಅಪಘಾತದಲ್ಲಿ ಬಿದ್ದ ಹೆಂಗಸಿನ ಅರೆಪ್ರಜ್ಞೆಯೇ ಆ ಲೋಕ, ಸುತ್ತ ನಿಂತ ದಾರಿಹೋಕರು, ಆಂಬುಲೆನ್ಸ್ ಸಿಬ್ಬಂದಿಯೇ ಅಲ್ಲಿನ ವೇಷಧಾರಿಗಳು, ಗೋಡೆಯ ಮೇಲಿನ ಪೋಸ್ಟರೇ ದಾಳಿಂಬೆಯ ಮೂಲ. ಆಸ್ಪತ್ರೆಯ ಜನರಿಂದ ವೀರರನ್ನು ಕಟ್ಟಿದ ಅಲೆಕ್ಸಾಂಡ್ರಿಯಾಳ ವಿದ್ಯೆಯೇ ಇದು, ನಾಲ್ಕು ನಿಮಿಷಕ್ಕೆ ಇಳಿಸಿದ್ದು.

ಅದಾದ ಮೇಲೆ ಬಂದ 'ಡಿಯರ್ ಜಸ್ಸಿ' (2023) ಅವರನ್ನು ಬಲ್ಲವರನ್ನೂ ಬೆರಗಾಗಿಸಿತು. ಪಂಜಾಬಿನಲ್ಲಿ 2000ದಲ್ಲಿ ನಡೆದ ಮರ್ಯಾದೆಗೇಡು ಹತ್ಯೆಯೊಂದು ಅದರ ವಸ್ತು. ಕೆನಡಾದಲ್ಲಿ ಬೆಳೆದ ಯುವತಿ ಊರಿಗೆ ಬಂದಾಗ ಆಟೊರಿಕ್ಷಾ ಓಡಿಸುವ ಹುಡುಗನನ್ನು ಮೆಚ್ಚಿ, ಗುಟ್ಟಾಗಿ ಮದುವೆಯಾಗುತ್ತಾಳೆ. ಮನೆತನದ ಗೌರವದ ಹೆಸರಿನಲ್ಲಿ ಅವಳ ಕೊಲೆಯಾಗುತ್ತದೆ. ಚಿತ್ರಕಥೆ ಅಮಿತ್ ರಾಯ್ ಅವರದು. ಮುಖ್ಯ ಪಾತ್ರಗಳಲ್ಲಿ ಪಾವಿಯಾ ಸಿಧು ಮತ್ತು ಯುಗಂ ಸೂದ್. ಇದನ್ನು ತೆರೆಗೆ ತರುವ ಆಸೆ ಇಪ್ಪತ್ತು ವರ್ಷಗಳಿಗೂ ಹಿಂದಿನದು. ಭಾರತದಲ್ಲಿ, ಬಹುಮಟ್ಟಿಗೆ ಪಂಜಾಬಿ ಮಾತಿನಲ್ಲಿ ಅವರು ಮಾಡಿದ ಮೊದಲ ಕಥಾಚಿತ್ರ ಇದು. ಇಲ್ಲಿ ವಿಚಿತ್ರ ಉಡುಪಿಲ್ಲ, ಮರುಭೂಮಿಯಿಲ್ಲ, ಕನಸಿಲ್ಲ. ಮಹಡಿಯ ಮೇಲೆ ಅವಳು, ಓಣಿಯ ಆಚೆ ಅವನು. ಕ್ಯಾಮೆರಾ ದೂರದಲ್ಲಿ ನಿಂತು ಕಾಯುತ್ತದೆ. ನಗೆ ತುಂಬಿದ ಒಲವಿನ ಮೊದಲರ್ಧದಷ್ಟೇ ನಿಶ್ಚಲವಾಗಿ ಕೊನೆಯ ಕ್ರೌರ್ಯವನ್ನೂ ಅದು ನೋಡುತ್ತದೆ. ನಡೆದುಹೋದ ಕೊಲೆಯ ಮುಂದೆ ಕಲ್ಪನೆಯ ಸೊಬಗಿಗೆ ಹಕ್ಕಿಲ್ಲ ಎಂಬ ವಿವೇಕ ಆ ನಿಶ್ಚಲತೆಯಲ್ಲಿದೆ. ಸೂಫಿ ಗಾಯಕ ಕನ್ವರ್ ಗ್ರೇವಾಲ್ ಚಿತ್ರದ ಸೂತ್ರಧಾರ. ಹಾಡು ಮತ್ತೆ ಬಂದಿದೆ, ಈ ಸಲ ಬಯಲಿನಲ್ಲಿ ಕುಳಿತು ಶೋಕ ಹೇಳಲು. 2023ರ ಟೊರೊಂಟೊ ಚಿತ್ರೋತ್ಸವದಲ್ಲಿ 'ಡಿಯರ್ ಜಸ್ಸಿ' ಪ್ಲಾಟ್‌ಫಾರ್ಮ್ ಪ್ರಶಸ್ತಿ ಪಡೆಯಿತು.

ಇಷ್ಟರ ನಡುವೆ 'ದಿ ಫಾಲ್' ನೋಡಲು ಸಿಗದ ಚಿತ್ರವಾಗಿತ್ತು. ಡಿವಿಡಿಗಳು ಮುಗಿದಿದ್ದವು, ಸ್ಟ್ರೀಮಿಂಗ್ ವೇದಿಕೆಗಳಲ್ಲಿ ಅದು ಇರಲಿಲ್ಲ. ನೋಡಿದವರು ನೋಡದವರಿಗೆ ಹೇಳಿಯೇ ಅದನ್ನು ಬದುಕಿಸಿದರು. 2024ರಲ್ಲಿ ಮುಬಿ ಸಂಸ್ಥೆ 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಂಡ ಪ್ರತಿಯನ್ನು ಹೊರತಂದಿತು, ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವಾಯಿತು. ಚಿತ್ರ ಮೊದಲು ಬಂದಾಗ ಹುಟ್ಟಿಯೇ ಇರದಿದ್ದ ಪ್ರೇಕ್ಷಕರು ಚಾಂದ್ ಬಾವಡಿಯ ಮೆಟ್ಟಿಲುಗಳನ್ನೂ ಈಜುವ ರಾಜನ್‌ನನ್ನೂ ದೊಡ್ಡ ತೆರೆಯ ಮೇಲೆ ಕಂಡರು.